ಗ್ರಾಫೈಟ್ ಇಟ್ಟಿಗೆ ಭಾರಕ್ಕೆ ಬಿರಿಯುವುದಲ್ಲ

ಸ್ಕಾಟ್ಲೆಂಡಿನ ಹಂಟರ್‌ಸ್ಟನ್ ಬಿ ಅಣುವಿದ್ಯುತ್ ಸ್ಥಾವರದ ರಿಯಾಕ್ಟರುಗಳ ಗ್ರಾಫೈಟ್ ಇಟ್ಟಿಗೆಗಳು ಭಾರ ತಾಳದೆ ಬಿರುಕು ಬಿಟ್ಟವಾ, ನಮ್ಮ ಕೈಗಾದಲ್ಲೂ ಹೀಗಾಗಬಹುದಾ ಅಂತ ಕೇಳಿದ್ದೀರಿ. ಭಾರ ಕಾರಣವಲ್ಲ. ಇಟ್ಟಿಗೆಯ ಒಳಮೈ, ಹೊರಮೈ ಒಂದೇ ಸಮ ಬದಲಾಗುವುದಿಲ್ಲ, ಅದೇ ತೊಂದರೆ.

ಬೇಸಿಗೆಯಲ್ಲಿ ಕೆರೆಯಂಗಳ ನೋಡಿದ್ದೀರಲ್ವಾ? ಮೇಲಿನ ಮಣ್ಣು ಒಣಗಿ ಕುಗ್ಗುತ್ತದೆ, ಅಡಿಯ ಹಸಿ ಮಣ್ಣು ಕುಗ್ಗಲು ಬಿಡುವುದಿಲ್ಲ. ಆಗ ನೆಲ ಬಾಯಿ ಬಿಡುತ್ತದೆ. ಪಾಠ ಮಾಡುವಾಗ ನಾನು ಇಲ್ಲಿಂದಲೇ ಶುರು ಮಾಡುವುದು.

ರಿಯಾಕ್ಟರಿನಲ್ಲಿ ಈ ಕೆಲಸ ಮಾಡುವುದು ನ್ಯೂಟ್ರಾನ್. ಗ್ರಾಫೈಟ್ ಅಂದರೆ ಕಾರ್ಬನ್ನಿನ ಒಂದು ರೂಪ, ಅಲ್ಲಿ ನ್ಯೂಟ್ರಾನ್‌ಗಳ ವೇಗ ತಗ್ಗಿಸುವುದು ಅದೇ. ಒಂದೊಂದು ಇಟ್ಟಿಗೆಯೂ ಸುಮಾರು 80 ಸೆಂ.ಮೀ. ಎತ್ತರದ ದಪ್ಪ ಕೊಳವೆ. ನಡುವಿನ ತೂತಿನಲ್ಲಿ ಇಂಧನ. ಅಲ್ಲಿಂದ ಚಿಮ್ಮುವ ನ್ಯೂಟ್ರಾನ್‌ಗಳು ಕಾರ್ಬನ್ ಪರಮಾಣುಗಳನ್ನು ಜಾಗದಿಂದ ಕದಲಿಸುತ್ತವೆ. ಗ್ರಾಫೈಟಿನ ಹರಳು ಪದರದ ಉದ್ದಕ್ಕೆ ಕುಗ್ಗುತ್ತದೆ, ಅಡ್ಡಕ್ಕೆ ಉಬ್ಬುತ್ತದೆ. ಆದರೆ ತಯಾರಿಸುವಾಗ ಗ್ರಾಫೈಟನ್ನು ಕಾಯಿಸಿ ತಣಿಸುವಾಗಲೇ ಹರಳುಗಳ ನಡುವೆ ಕಣ್ಣಿಗೆ ಕಾಣದ ಸೀಳುಗಳು ಉಳಿದಿರುತ್ತವೆ. ಉಬ್ಬಿದ್ದೆಲ್ಲ ಅವುಗಳೊಳಗೆ ಅಡಗುತ್ತದೆ. ಹಾಗಾಗಿ ವರ್ಷಗಟ್ಟಲೆ ಇಟ್ಟಿಗೆ ಕುಗ್ಗುತ್ತಲೇ ಇರುತ್ತದೆ. ನನಗೆ ಇದು ಇವತ್ತಿಗೂ ಬೆರಗು: ಮೊದಲೇ ಇದ್ದ ಸಣ್ಣ ಸೀಳುಗಳೇ ಅಷ್ಟು ಕಾಲ ಉಬ್ಬನ್ನು ನುಂಗಿಕೊಂಡಿರುತ್ತವೆ.

ಆ ಸೀಳುಗಳು ಮುಚ್ಚಿದ ಮೇಲೆ ಇಟ್ಟಿಗೆ ಉಬ್ಬಲು ತೊಡಗುತ್ತದೆ. ಇಂಧನದ ಪಕ್ಕದ ಒಳಮೈಗೆ ನ್ಯೂಟ್ರಾನ್ ಜಾಸ್ತಿ, ಅದು ಮೊದಲು ಉಬ್ಬುತ್ತದೆ. ಹೊರಮೈ ಆಗಲೂ ಕುಗ್ಗುತ್ತಿರುತ್ತದೆ. ಒಳಗಿನಿಂದ ತಳ್ಳಿದ ಹಾಗೆ ಹೊರಮೈ ಬಿಗಿಯುತ್ತದೆ. ಅಕ್ಕಪಕ್ಕದ ಇಟ್ಟಿಗೆ ಜೋಡಿಸಲು ಹೊರಮೈಯಲ್ಲಿ ಮೇಲಿಂದ ಕೆಳಗೆ ಕೊರೆದ ಕಾಲುವೆಗಳಿವೆ, ಕೀವೇ ಅಂತಾರೆ. ಎಳೆತವೆಲ್ಲ ಅದರ ಬುಡದ ಮೂಲೆಯಲ್ಲಿ ಸೇರುತ್ತದೆ. ಬಿರುಕು ಹೊರಡುವುದು ಅಲ್ಲಿಂದ. ನಡುವಿನ ತೂತಿನ ಕಡೆಗೆ ಸಾಗಿ, ಇಟ್ಟಿಗೆಯ ಉದ್ದಕ್ಕೂ ಸೀಳಬಹುದು.

ಹರಡುವ ರೀತಿ ಗಾಜಿನಂತಲ್ಲ. ಬಿರುಕಿನ ತುದಿ ಗ್ರಾಫೈಟಿನೊಳಗಿನ ಒಂದು ಸಣ್ಣ ರಂಧ್ರದಿಂದ ಇನ್ನೊಂದಕ್ಕೆ ಹಾದಿ ಹುಡುಕುತ್ತಾ ಅಂಕುಡೊಂಕಾಗಿ ಸಾಗುತ್ತದೆ. ತುದಿಯ ಹಿಂದುಗಡೆ ಅಲ್ಲಲ್ಲಿ ಒಡೆಯದೆ ಉಳಿದ ಚೂರುಗಳು ಎರಡೂ ಬದಿಯನ್ನು ಹಿಡಿದಿರುತ್ತವೆ. ತಂಪು ಮಾಡಲು ಹರಿಸುವ ಕಾರ್ಬನ್ ಡೈಆಕ್ಸೈಡ್, ವಿಕಿರಣದ ನಡುವೆ ಗ್ರಾಫೈಟನ್ನು ಮೆಲ್ಲಗೆ ತಿನ್ನುತ್ತದೆ. ರಂಧ್ರ ಹೆಚ್ಚಿದಷ್ಟೂ ಇಟ್ಟಿಗೆಯ ಬಲ ಕಡಿಮೆ.

ಒಂದು ಇಟ್ಟಿಗೆ ಬಿರಿದರೆ ಅಪಾಯವಿಲ್ಲ. ಒಂದು ರಿಯಾಕ್ಟರಿನಲ್ಲಿ ಸುಮಾರು 3,000 ಇಟ್ಟಿಗೆಗಳಿವೆ. ಆದರೆ ಬಿರಿದವು ಹೆಚ್ಚಾಗಿ, ಭೂಕಂಪದಲ್ಲಿ ಜರುಗಿ, ರಿಯಾಕ್ಟರನ್ನು ಹತೋಟಿಯಲ್ಲಿಡುವ, ಬೇಕಾದಾಗ ನಿಲ್ಲಿಸುವ ಕಂಟ್ರೋಲ್ ರಾಡ್ ಇಳಿಯುವ ದಾರಿ ಸೊಟ್ಟಗಾದರೆ ಏನು ಗತಿ? ಈ ಚಿಂತೆಯಿಂದಲೇ 2018ರಲ್ಲಿ ಅಲ್ಲಿನ ಎರಡೂ ರಿಯಾಕ್ಟರ್ ನಿಲ್ಲಿಸಿ ಕ್ಯಾಮೆರಾ ಇಳಿಸಿ ನೋಡಿದರು. ಆಮೇಲೆ ಸ್ವಲ್ಪ ಕಾಲ ಓಡಿಸಿ, 2022ರ ಜನವರಿಯಲ್ಲಿ ಸ್ಥಾವರವನ್ನೇ ಮುಚ್ಚಿದರು.

ಇನ್ನು ಕೈಗಾ. ಅಲ್ಲಿ ನ್ಯೂಟ್ರಾನ್‌ಗಳ ವೇಗ ತಗ್ಗಿಸುವುದು ಭಾರಜಲ. ಗ್ರಾಫೈಟ್ ಇಟ್ಟಿಗೆಗಳೇ ಇಲ್ಲ, ಹಾಗಾಗಿ ಈ ಬಿರುಕಿನ ಪ್ರಶ್ನೆಯೂ ಇಲ್ಲ.