ಹೆಬ್ಬಾಳ ಇಂಟರ್‌ಚೇಂಜ್ ಜಾಗದ ಜಗಳ ಯಾಕ ಮುಗಿಯವಲ್ದು? ಹುಬ್ಬಳ್ಳಿಯಿಂದ ಒಂದು ಉತ್ತರ

ನಿಮ್ಮ ಪ್ರಶ್ನೆ ಮೂರು ಐತಿ. ಬೆಂಗಳೂರಿನ ಹೆಬ್ಬಾಳದಾಗ ಮೆಟ್ರೋ, ಸಬರ್ಬನ್ ರೈಲು ಎಲ್ಲಾ ಕೂಡೂ ಇಂಟರ್‌ಚೇಂಜ್ ಸ್ಟೇಷನ್‌ಗೆ ಇನ್ನೂ ಜಾಗಾ ಯಾಕ ಫೈನಲ್ ಆಗವಲ್ದು, ಅದನ್ನ ನಂಬಿ ಮಗಳಿಗೆ ಆ ಕಡೆ ಫ್ಲ್ಯಾಟ್ ತಗೋಬಹುದಾ, ನಾಳೆ ಹುಬ್ಬಳ್ಳಿ-ಧಾರವಾಡಕ್ಕ ಟ್ರಾಮ್ ಗೀಮ್ ಏನರ ಬಂದ್ರ ಇಲ್ಲೂ ಇದೇ ಹಣೇಬರಹ ಏನು. ನಾನು ಹುಬ್ಬಳ್ಳಿಯಾಂವ, ಸರ್ವೇ ಕೆಲಸ ಮಾಡತೀನಿ, ಟೋಟಲ್ ಸ್ಟೇಷನ್ ಹಿಡ್ಕೊಂಡು ರೋಡ್ ಕಾಂಟ್ರಾಕ್ಟರ್‌ಗಳಿಗೆ ಅಳತಿ ಮಾಡಿ ಕೊಡೂದು. ಮೆಟ್ರೋದಾಗ ಕೆಲಸ ಮಾಡಿಲ್ಲ, ಆದ್ರ ಎರಡು ಇಲಾಖೆ ನಕ್ಷೆ ಒಂದರ ಮ್ಯಾಲೊಂದು ಇಟ್ಟಾಗ ಏನ್ ಆಗತೈತಿ ಅಂತ ಚೊಲೋ ಗೊತ್ತೈತಿ.

ಮೊದಲ ಒಂದ್ ಮಾತು, ಎಂಜಿನಿಯರ್‌ಗಳಿಗೆ ಜಾಗಾ ಆರಿಸೂದು ಕಷ್ಟ ಅಲ್ಲವೇ ಅಲ್ಲ. ಹೆಬ್ಬಾಳ ಮ್ಯಾಪ್ ತಗದು ನೋಡ್ರಿ, ರೈಲ್ವೆ ಲೈನ್ ಅಲ್ಲೇ, ಔಟರ್ ರಿಂಗ್ ರೋಡ್ ಅಲ್ಲೇ, ಏರ್‌ಪೋರ್ಟ್ ರೋಡ್ ಅಲ್ಲೇ, ಕಾಲೇಜ್ ಹುಡುಗನ್ನ ಕೇಳಿದ್ರೂ ಬೆರಳಿಟ್ಟು ತೋರಸ್ತಾನ. ತ್ರಾಸ್ ಇರೂದು ಬ್ಯಾರೆ ಕಡೆ. ಜಾಗಾ ಫೈನಲ್ ಮಾಡದೇ ಇದ್ರ ಯಾವ ಆಫೀಸಿಗೂ ಲುಕ್ಸಾನ್ ಇಲ್ಲ, ಮೊದಲ ಯಾರು ಹೂಂ ಅಂತಾರೋ ಖರ್ಚು ಅವರ ತಲಿ ಮ್ಯಾಲೆ. ಪಾಲಾದ ಮನ್ಯಾಗ ಅಣ್ಣ-ತಮ್ಮರು ನಡುವಿನ ಗ್ವಾಡಿ ಬಿದ್ರೂ ಯಾರೂ ಕಟ್ಟಂಗಿಲ್ಲಲ್ರಿ, ಇದೂ ಹಂಗ. ಒಂದು ಟ್ರೇನ್ ಇಳದು ಇನ್ನೊಂದು ಹತ್ತಾಕ ನಡಿಯಾಂವ ಎಷ್ಟು ದೂರ ನಡದ ಅನ್ನೂದು ಯಾವ ಆಫೀಸಿನ ಲೆಕ್ಕದಾಗೂ ಬರಂಗಿಲ್ಲ.

ಈಗ ಹೆಬ್ಬಾಳದ ತಾರೀಖು ನೋಡ್ರಿ, ಅರ್ಧ ಉತ್ತರ ಅದರಾಗೇ ಐತಿ. ಬೆಂಗಳೂರು ಸಬರ್ಬನ್ ರೈಲಿಗೆ ಕೇಂದ್ರ ಒಪ್ಪಿದ್ದು 2020 ಅಕ್ಟೋಬರ್‌ನಾಗ, 148 ಕಿಮೀ, ನಾಕು ಲೈನ್, ಅದರಾಗ ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರದ ಮಲ್ಲಿಗೆ ಲೈನ್ ಹೆಬ್ಬಾಳದ ಮ್ಯಾಲೆ ಹಾದು ಹೋಗತೈತಿ. ಏರ್‌ಪೋರ್ಟಿಗೆ ಹೋಗೂ ಬ್ಲೂ ಲೈನ್ ಮೆಟ್ರೋಕ್ಕ ಒಪ್ಪಿಗಿ ಸಿಕ್ಕಿದ್ದು 2021 ಏಪ್ರಿಲ್‌ನಾಗ. ಜೆಪಿ ನಗರದಿಂದ ಹೆಬ್ಬಾಳದ ಮ್ಯಾಲಿಂದ ಕೆಂಪಾಪುರಕ್ಕ ಬರೂ ಆರೆಂಜ್ ಲೈನ್‌ಗೆ 2024 ಆಗಸ್ಟ್‌ನಾಗ. ಸರ್ಜಾಪುರದಿಂದ ಹೆಬ್ಬಾಳದ ರೆಡ್ ಲೈನ್‌ಗೆ ರಾಜ್ಯ ಸಂಪುಟ 2024ರ ಕೊನೀಗೆ ಹೂಂ ಅಂತು, ಅದಾದ ಮ್ಯಾಲೆ ದಿಲ್ಲಿ ಬಾಗಲಾ ಕಾಯಬೇಕು. ನಾಕು ಲೈನ್, ನಾಕು ತಾರೀಖು, ನಾಕು ಡಿಪಿಆರ್ (ಪ್ರಾಜೆಕ್ಟಿನ ಪೂರಾ ವಿವರದ ವರದಿ). ಬ್ಲೂ ಲೈನ್ ಡ್ರಾಯಿಂಗ್ ಮಾಡಾಂವಗ ರೆಡ್ ಲೈನ್ ಎಲ್ಲಿ ಬರತೈತಿ ಅಂತ ಹೆಂಗ ಗೊತ್ತಿರಬೇಕು ಹೇಳ್ರಿ, ಗೊತ್ತಿದ್ರೂ ಇನ್ನೂ ಒಪ್ಪಿಗಿನೇ ಸಿಗದ ಲೈನಿಗಂತ ತನ್ನ ಬಜೆಟ್‌ನಾಗ ಎಕ್ಸ್‌ಟ್ರಾ ಪಿಯರ್ (ಕಂಬ), ಎಕ್ಸ್‌ಟ್ರಾ ಕಾಂಕೋರ್ಸ್ (ಮಂದಿ ಓಡಾಡೂ ಅಂತಸ್ತು) ಕಟ್ಟಿದ್ರ ನಾಳೆ ಆಡಿಟ್‌ನವ್ರು ಬಂದು ಇದ್ಯಾಕ ಕಟ್ಟಿದ್ರಿ ಅಂತ ಕೇಳತಾರ. ಕಟ್ಟದೇ ಇದ್ರ ಯಾರೂ ಕೇಳಂಗಿಲ್ಲ.

ಇದರ ಜೊತಿಗೆ ಹೆಬ್ಬಾಳದಾಗ ಬಿಡಿಎ ಫ್ಲೈಓವರ್ ಐತಿ, ಅದಕ್ಕ ಹೊಸಾ ಲೂಪ್ ಬಂದಾವ, ಹೆಬ್ಬಾಳ-ಸಿಲ್ಕ್ ಬೋರ್ಡ್ ಟನಲ್ ರೋಡ್ ಅಂತ ಮತ್ತೊಂದು, ಅದರ ಬಾಯಿನೂ ಅಲ್ಲೇ ತೆರೀಬೇಕಂತ. ಎಲ್ಲಾರ್ಗೂ ಬೇಕಾದ್ದು ಅದೇ ಚೌಕ.

ಐವತ್ತು ಮೀಟರ್ ಆ ಕಡೆ ಸರಿಸಿದ್ರ ಆತಲ್ಲ ಅಂತ ಭಾಳ ಮಂದಿ ಅಂತಾರ. ಆಗಂಗಿಲ್ರಿ. ಆರು ಬೋಗಿ ಮೆಟ್ರೋ ನಿಲ್ಲಾಕ ಸುಮಾರು 130-140 ಮೀಟರ್ ಟ್ರ್ಯಾಕ್ ನೇರ ಬೇಕು, ಸಪಾಟ್ ಬೇಕು, ಅದರ ಹಿಂದ-ಮುಂದಿನ ಕರ್ವ್‌ಗೆ ರೇಡಿಯಸ್ ಬೇಕು, ಸ್ಟೇಷನ್ ಸರಿಸಿದ್ರ ಆ ಕರ್ವ್ ಎಲ್ಲಾ ಸರೀಬೇಕು, ಕರ್ವ್ ಸರದ್ರ ಪಿಯರ್ ಸರೀತಾವ, ಪಿಯರ್ ಸರದ್ರ ಕೆಳಗಿನ ಮನಿ ಬದಲಾಗತಾವ, ಅಂದ್ರ ನಿನ್ನೆ ತನಕ ನಿಶ್ಚಿಂತಿಲೆ ಮಲಗಿದಾಂವಗ ಇವತ್ತು ನೋಟಿಸ್. ಅಂವ ಕೋರ್ಟಿಗೆ ಹೋಗೇ ಹೋಗತಾನ, ಯಾಕ ಹೋಗಬಾರದು? ಜಾಗಾ ಕೊಡದವ್ರನ್ನ ಪ್ರಗತಿ ವಿರೋಧಿ ಅಂತ ಬಯ್ಯೂದು ನನಗ ಸೇರಂಗಿಲ್ಲ. ಒಂದು ಕುಟುಂಬದ ಜೀವಮಾನದ ಗಳಿಕಿ ಅದು, ಗೈಡೆನ್ಸ್ ವ್ಯಾಲ್ಯೂ (ಸರ್ಕಾರ ಗೊತ್ತು ಮಾಡಿದ ರೇಟ್) ಒಂದು, ಮಾರ್ಕೆಟ್ ರೇಟ್ ಒಂದು ಇರತೈತಿ, ನಡುವಿನ ಅಂತರ ನುಂಗಿ ಸುಮ್ನಿರ್ರಿ ಅಂದ್ರ ಯಾರು ಇರತಾರ.

ಹೆಬ್ಬಾಳದ ಮಜಾ ಏನಂದ್ರ ಅಲ್ಲಿ ದೊಡ್ಡ ಜಗಳ ಮನಿ ಮಾಲೀಕರ ಜೊತಿ ಸುದ್ದಾ ಅಲ್ಲ. ಸ್ಟೇಷನ್, ಡಿಪೋ, ಪಾರ್ಕಿಂಗ್ ಎಲ್ಲಾ ಸೇರಿ ದೊಡ್ಡ ಹಬ್ ಮಾಡಾಕ ಮೆಟ್ರೋದವ್ರು 45 ಎಕರೆ ಕೇಳಿದ್ರು. ಆ ಜಮೀನು ಕೆಐಎಡಿಬಿ (ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಹಿಂದ ಒಂದು ಪ್ರವಾಸೋದ್ಯಮ ಪ್ರಾಜೆಕ್ಟ್ ಹೆಸರಿನ್ಯಾಗ ಸ್ವಾಧೀನ ಮಾಡಿದ್ದು, ಪ್ರಾಜೆಕ್ಟ್ ಆಗ್ಲಿಲ್ಲ, ಜಮೀನು ವರ್ಷಾನುಗಟ್ಲೆ ಖಾಲಿ. ಕೈಗಾರಿಕಾ ಸಚಿವ ಎಂ.ಬಿ. ಪಾಟೀಲರೇ 2024ರಾಗ ಮೆಟ್ರೋಕ್ಕ ಕೊಡ್ರಿ ಅಂತ ಪತ್ರ ಬರದ್ರು. ಕೆಐಎಡಿಬಿ ಸರ್ಕಾರದ್ದು, ಮೆಟ್ರೋ ಕಂಪನಿ ಅರ್ಧ ರಾಜ್ಯದ್ದು ಅರ್ಧ ಕೇಂದ್ರದ್ದು. ಬಲಗಿಸೆದಾಗಿಂದ ತಗದು ಎಡಗಿಸೆಕ್ಕ ಹಾಕೂದು ಅಷ್ಟ, ಆದ್ರೂ ರೇಟ್ ಎಷ್ಟು, ಯಾರು ಕೊಡಬೇಕು, ಹಳೇ ಪ್ರಾಜೆಕ್ಟಿನ ಹಕ್ಕು ಏನಾತು, ಒಂದೊಂದಕ್ಕೂ ಒಂದೊಂದು ಫೈಲ್. ಇನ್ನೂ ಒಂದು ಕೇಳ್ರಿ, ಮೆಟ್ರೋ ಲೈನಿಗೆ ಮಂದಿ ಜಾಗಾ ಸ್ವಾಧೀನ ಮಾಡಿ ಕೊಡೂದೂ ಇದೇ ಕೆಐಎಡಿಬಿನೇ.

ರೈಲ್ವೆದ್ದು ಬ್ಯಾರೇನೇ ಲೋಕ. ರೈಲ್ವೆ ಹಳಿ ಮ್ಯಾಲೆ ಏನರ ದಾಟಬೇಕಂದ್ರ ಜಿಎಡಿ ಅಂತ ಡ್ರಾಯಿಂಗ್ ಒಪ್ಪಿಸ್ಕೋಬೇಕು, ಡಿವಿಜನ್‌ನಿಂದ ಹೆಡ್‌ಕ್ವಾರ್ಟರ್ಸ್‌ಗೆ ಬರತೈತಿ, ಆ ಹೆಡ್‌ಕ್ವಾರ್ಟರ್ಸ್ ಎಲ್ಲೈತಿ ಹೇಳ್ರಿ? ನಮ್ಮೂರಾಗ, ಗದಗ ರೋಡಿನ ರೈಲ್ ಸೌಧ. 2003ರ ಏಪ್ರಿಲ್ 1ಕ್ಕ ನೈಋತ್ಯ ರೈಲ್ವೆ ಶುರು ಆದಾಗಿಂದ ಬೆಂಗಳೂರು ಡಿವಿಜನ್ ಹುಬ್ಬಳ್ಳಿ ಕೈಯಾಗೇ ಐತಿ. ಅವ್ರು ಸುಮ್‌ಸುಮ್ನ ತಡೀತಾರ ಅಂತ ನಾ ಅನ್ನಂಗಿಲ್ಲ. ಅವ್ರ ವಿಚಾರ ಏನಂದ್ರ ನಾಳೆ ನಮಗೇ ಮೂರನೇ ಹಳಿ, ನಾಕನೇ ಹಳಿ ಹಾಕಬೇಕಾದ್ರ ಜಾಗಾ ಬೇಕಲ್ಲ, ಇವತ್ತು ನಿಮ್ಮ ಕಂಬ ಬಿಟ್ಟುಕೊಂಡ್ರ ನಾವೆಲ್ಲಿ ಹೋಗೂದು ಅಂತ. ಅದೂ ನ್ಯಾಯನೇ. ಸಬರ್ಬನ್ ರೈಲು ಕಟ್ಟೂ ಕೆ-ರೈಡ್‌ನಾಗ ರಾಜ್ಯದ ಪಾಲು 51, ರೈಲ್ವೆ ಪಾಲು 49, ತನ್ನದೇ ಅರ್ಧ ಕಂಪನಿಗೆ ಜಾಗಾ ಕೊಡಾಕ ರೈಲ್ವೆ ತನ್ನ ಜೊತಿಗೆ ತಾನೇ ಲೀಸ್ ಪತ್ರ ಬರಕೋಬೇಕು. 2022ರ ಜೂನ್‌ನಾಗ ಪ್ರಧಾನಿ ಅಡಿಗಲ್ಲು ಹಾಕಿ 40 ತಿಂಗಳದಾಗ ಮುಗಸ್ತೀವಿ ಅಂದಿದ್ರು, 40 ತಿಂಗಳೂ ಕಳದ್ವು, 2025ರಾಗ ಎಲ್ ಅಂಡ್ ಟಿಯವ್ರು ಜಾಗಾನೇ ಸಿಗವಲ್ದು ಅಂತ ಕೈ ತೊಳಕೊಂಡು ಹೊರಗ ಹೋದ್ರು.

ಇದು ಬೆಂಗಳೂರಿನ ರೋಗ ಮಾತ್ರ ಅನ್ಕೋಬ್ಯಾಡ್ರಿ. ಚೆನ್ನೈದಾಗ ಸೇಂಟ್ ಥಾಮಸ್ ಮೌಂಟ್ ಅಂತ ಸ್ಟೇಷನ್ ಐತಿ, ಲೋಕಲ್ ಟ್ರೇನ್, ಮೆಟ್ರೋ, ಎಂಆರ್‌ಟಿಎಸ್ (ಕಂಬದ ಮ್ಯಾಲಿನ ಸಿಟಿ ರೈಲು) ಮೂರೂ ಕೂಡಬೇಕಾದ ಜಾಗಾ. ವೇಳಚ್ಚೇರಿಯಿಂದ ಅಲ್ಲಿತನಕ ಬರೇ 5 ಕಿಮೀ ಎಂಆರ್‌ಟಿಎಸ್ ಲೈನ್, 2008ರಾಗ ಕೆಲಸ ಶುರು ಮಾಡಿದ್ರು, ನಾಕೂವರಿ ಕಿಮೀ ಕಂಬ-ಗಿಂಬ ಎಲ್ಲಾ ಎದ್ದು ನಿಂತ್ವು, ಉಳದ ಅರ್ಧ ಕಿಮೀದಾಗ ಅಲೈನ್‌ಮೆಂಟ್ (ಲೈನ್ ಹಾಯೂ ದಾರಿ) ಮತ್ತ ಪರಿಹಾರದ ಮ್ಯಾಲೆ ಮನಿ ಮಾಲೀಕರು ಕೋರ್ಟಿಗೆ ಹೋದ್ರು, ಹತ್ತು ವರ್ಷಕ್ಕಿಂತ ಹೆಚ್ಚು ಹಂಗೇ ನಿಂತ್ತು. ನಡುವ 2013ರ ಹೊಸಾ ಭೂಸ್ವಾಧೀನ ಕಾಯ್ದೆ ಬಂತು, ಹಳೇ ಕಾಯ್ದೆ ರೇಟೋ ಹೊಸಾ ಕಾಯ್ದೆ ರೇಟೋ ಅಂತ ಮತ್ತೊಂದು ಗಂಟು. ಅಷ್ಟರಾಗ ಆಮೇಲೆ ಬಂದ ಮೆಟ್ರೋ 2016ರಾಗ ಅದೇ ಸ್ಟೇಷನ್‌ಗೆ ಬಂದು ಮುಟ್ತು. ಆ 500 ಮೀಟರ್‌ಗೆ ಮೊದಲ ದಿನಾನೇ ಕೇಳಿದ ರೇಟ್ ಕೊಟ್ಟಿದ್ರೂ ಇಷ್ಟು ತುಟ್ಟಿ ಆಗ್ತಿರಲಿಲ್ಲ ಅಂತ ನನ್ನ ಅಭಿಪ್ರಾಯ, ಸಿಮೆಂಟು-ಕಬ್ಬಿಣದ ರೇಟ್ ಏನು ಕಾಯ್ಕೊಂಡು ಕೂಡತೈತೇನು.

ಹಂಗಂತ ಎಲ್ಲಾ ಕಡೆ ಕೆಟ್ಟೈತಿ ಅಂತನೂ ಅಲ್ಲ. ದಿಲ್ಲಿಯ ಸರಾಯ್ ಕಾಲೇ ಖಾನ್ ನೋಡ್ರಿ, ನಮೋ ಭಾರತ್ (ದಿಲ್ಲಿ ಸುತ್ತಲಿನ ಊರಿಗೆ ಹೋಗೂ ಫಾಸ್ಟ್ ರೈಲು) ಸ್ಟೇಷನ್‌ನಿಂದ ನಿಜಾಮುದ್ದೀನ್ ರೈಲ್ವೆ ಸ್ಟೇಷನ್‌ಗೆ ಸುಮಾರು 280 ಮೀಟರ್ ಫುಟ್‌ಓವರ್ ಬ್ರಿಜ್, ಅದರಾಗ ನಿಂತ್ರ ತಾನೇ ಒಯ್ಯೂ ಟ್ರಾವೆಲೇಟರ್, ಬಾಜೂಕ ಮೆಟ್ರೋ, ಬಸ್ ಸ್ಟ್ಯಾಂಡ್. ಅದನ್ನ ಕಟ್ಟಿದ ಕಂಪನಿದಾಗ ಕೇಂದ್ರದ ಪಾಲು ಅರ್ಧ, ಉಳದ ಅರ್ಧ ದಿಲ್ಲಿ, ಹರಿಯಾಣ, ಉತ್ತರ ಪ್ರದೇಶ, ರಾಜಸ್ಥಾನ ನಾಕಕ್ಕೂ ಸಮ, ಅಂದ್ರ ತಲಾ 12.5. ಇಷ್ಟು ರಾಜ್ಯ ಸೇರಿದ ಮ್ಯಾಲೂ ಆಗೇತಿ ಅಂದ್ರ ಪಾಲುದಾರರು ಜಾಸ್ತಿ ಇರೂದು ಅಡ್ಡಿ ಅಲ್ಲ. ನಡಿಗಿ ದಾರಿನೂ ಪ್ರಾಜೆಕ್ಟಿನ ಒಂದು ಭಾಗ ಅಂತ ಎಸ್ಟಿಮೇಟ್‌ನಾಗೇ ಬರದಿದ್ರು, ಅಷ್ಟ. ಬೆಂಗಳೂರಾಗ ಉಲ್ಟಾ: ಬೈಯಪ್ಪನಹಳ್ಳಿ ಮೆಟ್ರೋ 2011ರಿಂದ ಐತಿ, ಎಸ್‌ಎಂವಿಟಿ ಟರ್ಮಿನಲ್ 2022ರಾಗ ಶುರು ಆತು, ಹನ್ನೊಂದು ವರ್ಷ ಟೈಮ್ ಇತ್ತು, ಆದ್ರೂ ಟರ್ಮಿನಲ್‌ನಾಗ ಇಳದವ್ರು ಟ್ರಂಕ್, ಗಂಟು-ಮೂಟಿ ಹೊತ್ಕೊಂಡು ಆಟೋದವ್ರ ಜೊತಿ ಚೌಕಾಶಿ ಮಾಡೂದು ತಪ್ಪಲಿಲ್ಲ. ಎಲ್ಲಾ ಸಾರಿಗೀನೂ ಒಂದೇ ಸೂರಿನ ಕೆಳಗ ತರಾಕ 2022ರಾಗ ಬೆಂಗಳೂರಿಗೆ ಬಿಎಂಎಲ್‌ಟಿಎ (ಮಹಾನಗರ ಭೂಸಾರಿಗೆ ಪ್ರಾಧಿಕಾರ) ಕಾಯ್ದೆ ಪಾಸ್ ಮಾಡಿದ್ರು, ಕಾಗದದ ಮ್ಯಾಲೆ ಚೊಲೋ ಐತಿ. ಆ ಸಂಸ್ಥೆಗೆ ಮೆಟ್ರೋ ಡ್ರಾಯಿಂಗ್ ವಾಪಸ್ ಕಳಸೂ ತಾಕತ್ತು ಇದ್ರ ಮಾತ್ರ ಉಪಯೋಗ.

ಈಗ ನಮ್ಮೂರಿಗೆ ಬರೂಣು. ಇಲ್ಲಿ ಮೆಟ್ರೋ ಇಲ್ಲ, ಚಿಗರಿ ಐತಿ, ಅಂದ್ರ ತನ್ನದೇ ಬ್ಯಾರೆ ದಾರಿಯಾಗ ಓಡೂ ಬಿಆರ್‌ಟಿಎಸ್ ಬಸ್. 2018ರಾಗ ಟ್ರಯಲ್, 2020ರ ಫೆಬ್ರುವರಿಯಾಗ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಬಂದು ಉದ್ಘಾಟನೆ ಮಾಡಿದ್ರು, ಸುಮಾರು 22 ಕಿಮೀ ಕಾರಿಡಾರ್. ಹುಬ್ಬಳ್ಳಿ ಸ್ಟೇಷನ್ ಮುಂದನೇ ಚಿಗರಿ ಸಿಗತೈತಿ, ಟ್ರೇನ್ ಇಳದು ಹತ್ತಿದ್ರ ಸೀದಾ ಧಾರವಾಡ, ಇದೊಂದು ಭೇಷ್ ಮಾಡ್ಯಾರ. ಆದ್ರ ಧಾರವಾಡದಾಗ? ಚಿಗರಿ ಜುಬಿಲಿ ಸರ್ಕಲ್ ದಾಟಿ ಬಸ್ ಸ್ಟ್ಯಾಂಡ್ ಕಡೆ ಹೋಗತೈತಿ, ರೈಲ್ವೆ ಸ್ಟೇಷನ್ ಮಾಳಮಡ್ಡಿ ಕಡೆ ಉಳೀತು. ಹುಬ್ಬಳ್ಳಿ ಹೊಸಾ ಬಸ್ ಸ್ಟ್ಯಾಂಡ್ ಗೋಕುಲ ರೋಡಿನ್ಯಾಗ, ಚಿಗರಿ ಕಾರಿಡಾರ್ ಆ ಕಡೆ ಇಲ್ಲ, ಹಿಂಗಾಗಿ ಹೊಸೂರಿನ್ಯಾಗ ಇಂಟರ್‌ಚೇಂಜ್ ಅಂತ ಇನ್ನೊಂದು ಕಟ್ಟಿದ್ರು. ಶಿರಸಿಯಿಂದ ಬಂದಾಂವ ಯಾವ ಸ್ಟ್ಯಾಂಡಿನ್ಯಾಗ ಇಳೀಬೇಕು ಅಂತ ಕಂಡಕ್ಟರ್‌ನ ಕೇಳಬೇಕು, ಕಂಡಕ್ಟರ್ ಮೂಡಿನ ಮ್ಯಾಲೆ ಉತ್ತರ. ಸ್ಟೇಷನ್ ಒಳಗ 1507 ಮೀಟರ್ ಪ್ಲಾಟ್‌ಫಾರ್ಮ್ 2023ರಾಗ ಆತು, ಜಗತ್ತಿನ್ಯಾಗೇ ಉದ್ದಂತ, ಹೆಮ್ಮಿ ಪಡೂಣು, ಆದ್ರ ಮೊಣಕಾಲು ನೋವಿದ್ದ ಅಜ್ಜಿಗೆ ಅದು ಹೆಮ್ಮಿ ಅಲ್ಲ ನಡಿಗಿ.

ಈಗ ಚಿಗರಿ ಕಾರಿಡಾರ್ ಮ್ಯಾಲೆ ಟ್ರಾಮ್ ತರಹದ ಎಲೆಕ್ಟ್ರಿಕ್ ಗಾಡಿ, ಇಆರ್‌ಟಿ ಅಂತಾರಲ್ಲ, ಅದನ್ನ ತರೂ ಮಾತು ಸಚಿವ ಸಂತೋಷ ಲಾಡ್ ಅವ್ರು ಎತ್ಯಾರ. ಬರ್ಲಿ. ನನ್ನ ಅಭಿಪ್ರಾಯ ಇಷ್ಟ, ಗಾಡಿ ಯಾವ ಕಂಪನಿದು ಅನ್ನೂದು ಆಮ್ಯಾಲೆ ನೋಡೂಣು, ಮೊದಲ ಧಾರವಾಡ ಸ್ಟೇಷನ್‌ಗೆ ಒಂದು ಕೊಂಡಿ, ಗೋಕುಲ ರೋಡ್ ಬಸ್ ಸ್ಟ್ಯಾಂಡಿಗೆ ಒಂದು ಕೊಂಡಿ, ಇವೆರಡರ ಜಾಗಾ ಹುಡಾ (ಅವಳಿ ನಗರದ ನಗರಾಭಿವೃದ್ಧಿ ಪ್ರಾಧಿಕಾರ) ಮಾಸ್ಟರ್ ಪ್ಲ್ಯಾನ್‌ನಾಗ ಈಗಲೇ ಗೆರಿ ಹಾಕಿ ಕಾಯ್ದಿಡಬೇಕು. ಇವತ್ತು ಅಲ್ಲಿ ಖಾಲಿ ಸೈಟ್ ಇರತಾವ, ನಾಳೆ ಅದರ ಮ್ಯಾಲೆ ಕಲ್ಯಾಣ ಮಂಟಪ ಏಳತೈತಿ, ಆಮ್ಯಾಲೆ ಅಲೈನ್‌ಮೆಂಟ್ ಸೊಟ್ಟ ಮಾಡಿ ಹೊಂಟ್ರ ಯಾರಿಗೆ ಬೈಯೂದು. ಒಂದ್ ರೋಡ್ ಕೆಲಸದಾಗ ನಾನೇ ನೋಡೀನಿ, ಒಂದು ಇಲಾಖೆ ನಕ್ಷೆದಾಗ ಚರಂಡಿ ಅವ್ರ ಹದ್ದಿನ್ಯಾಗ, ಇನ್ನೊಂದು ಇಲಾಖೆ ನಕ್ಷೆದಾಗ ಅದೇ ಚರಂಡಿ ಇವ್ರ ಹದ್ದಿನ್ಯಾಗ, ಇಬ್ಬರೂ ನಮ್ದಲ್ಲ ಅಂತ ಬರದು ಕೊಟ್ರು. ಕಡೀಕ ಜಂಟಿ ಮೋಜಣಿ ಮಾಡಸೂತನಕ ಜೆಸಿಬಿ ಬಾಡಿಗಿ ಕಾಂಟ್ರಾಕ್ಟರ್ ತಲಿ ಮ್ಯಾಲೆ. ಒಂದು ಚರಂಡಿಗೇ ಹಿಂಗ.

ಫ್ಲ್ಯಾಟ್ ವಿಷಯ. ಬಿಲ್ಡರ್ ಬ್ರೋಷರಿನ್ಯಾಗ ನಾಕು ಬಣ್ಣದ ಗೆರಿ ಒಂದೇ ಚುಕ್ಕಿದಾಗ ಕೂಡಿರತಾವ, ಅದನ್ನ ನೋಡಿ ರೇಟ್ ಕೊಡಬ್ಯಾಡ್ರಿ. ಕಣ್ಣಿಗೆ ಕಂಬ ಕಾಣೂದು ಬ್ಲೂ ಲೈನ್, ಅದೊಂದನ್ನ ಲೆಕ್ಕಕ್ಕ ಹಿಡೀರಿ, ಉಳದಿದ್ದು ಬಂದ್ರ ಲಾಭ ಅನ್ಕೋರಿ. ಫ್ಲ್ಯಾಟ್‌ನಿಂದ ಬ್ಲೂ ಲೈನ್ ಸ್ಟೇಷನ್‌ಗೆ ಮಗಳನ್ನ ಕರಕೊಂಡು ಸಂಜೀಮುಂದ ಒಮ್ಮೆ ನಡದು ನೋಡ್ರಿ, ಫ್ಲೈಓವರ್ ಕೆಳಗ ರೋಡ್ ದಾಟೂದು ಅಲ್ಲಿ ಖರೇ ತ್ರಾಸ್ ಐತಿ. ಇನ್ನೊಂದು, ಬಿಲ್ಡಿಂಗ್ ಎದ್ದ ಮೂಲ ಸರ್ವೇ ನಂಬರ್ ಇಸ್ಕೊಂಡು ಹಳೇ ಪಹಣಿ ತಗಸ್ರಿ, ಕಾಲಂ 11ರಾಗ ಸ್ವಾಧೀನದ ಟಿಪ್ಪಣಿ ಏನರ ಐತೇನು ನೋಡ್ರಿ, ಕೆಐಎಡಿಬಿಯ 28(1) ನೋಟಿಫಿಕೇಶನ್ ಆಗಿದ್ರ ಬರೇ ಪ್ರಸ್ತಾವ, 28(4) ಆಗಿದ್ರ ಫೈನಲ್. ಎರಡರಾಗ ಯಾವುದರ ಇದ್ರೂ ಅಡ್ವಾನ್ಸ್ ಕೊಡೂಕಿಂತ ಮೊದಲ ಭೂಸ್ವಾಧೀನ ಕೇಸ್ ನೋಡಿ ಗೊತ್ತಿದ್ದ ವಕೀಲರ ಕಡೆ ಕಾಗದ ತೋರಸ್ರಿ, ಬಿಲ್ಡರ್ ಹೇಳಿದ ವಕೀಲರ ಕಡೆ ಅಲ್ಲ.