ಸಿಗ್ನಲ್ ಹೋದರೆ ಯಾರನ್ನು ಕೇಳೋದು?

ಪ್ರಶ್ನೆ: ನಮ್ಮದು ಮಾದಾಪುರದ ಹತ್ತಿರ ಕಾಫಿ ತೋಟ. ಜೋರು ಮಳೆಗೆ ಕರೆಂಟ್ ಹೋದರೆ ಅರ್ಧ ದಿನದೊಳಗೆ ಮೊಬೈಲ್ ಸಿಗ್ನಲ್ಲೂ ಮಾಯ. ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ. ಮೊಬೈಲ್ ಕಂಪನಿಯವರು ಕರೆಂಟಿಲ್ಲ ಅಂತಾರೆ, ಕರೆಂಟಿನವರು ರಸ್ತೆ ಬಂದ್ ಅಂತಾರೆ. ಎಲ್ಲವನ್ನೂ ಒಟ್ಟಿಗೆ ನೋಡಿಕೊಳ್ಳುವವರು ಯಾರೂ ಇಲ್ವಾ?
— ಗೃಹಿಣಿ, ಸೋಮವಾರಪೇಟೆ ತಾಲ್ಲೂಕು

ಉತ್ತರ: ಇದ್ದಾರೆ ತಾಯಿ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಆ ಕೆಲಸ ಜಿಲ್ಲಾಧಿಕಾರಿಗಳದ್ದು. ಅವರ ಕಂಟ್ರೋಲ್ ರೂಂ ನಂಬರ್ 1077. ಸಿಗ್ನಲ್ಲೇ ಇಲ್ಲದಾಗ ಆ ನಂಬರಿಗೆ ಹೇಗೆ ಮಾಡಲಿ ಅಂತ ನೀವು ಕೇಳುತ್ತೀರಿ, ಗೊತ್ತು. ಅದಕ್ಕೆ ಆಮೇಲೆ ಬರುತ್ತೇನೆ.

2018ರ ಆಗಸ್ಟ್‌ನಲ್ಲಿ ನನಗೆ ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ಫೋನ್ ಕಂಪನಿಯ ಕೇಬಲ್ ವಿಭಾಗದ ಕೆಲಸ. ಕೊಡಗಿನ ಜೋಡುಪಾಲದ ಕಡೆ ಗುಡ್ಡದ ಬರೆ ಕುಸಿದು ಹೆದ್ದಾರಿಯೇ ಕಿತ್ತುಹೋಗಿತ್ತು. ರಸ್ತೆಯೇ ಹೋದ ಮೇಲೆ ಅದರ ಬದಿಯಲ್ಲಿ ಹೂತ ಕೇಬಲ್ ಉಳಿಯುತ್ತಾ? ಟವರ್‌ಗಳ ಬ್ಯಾಟರಿ ಕೆಲವೇ ಗಂಟೆ ಬರುತ್ತದೆ. ಆಮೇಲೆ ಡೀಸೆಲ್ ಬೇಕು. ನಮ್ಮ ಜೀಪು ಡೀಸೆಲ್ ಕ್ಯಾನ್ ಹೊತ್ತು ಹೊರಟರೆ ಬ್ಯಾರಿಕೇಡ್ ಹತ್ತಿರ ಎರಡು ಗಂಟೆ ನಿಂತಿತು. ಅಲ್ಲಿದ್ದ ಹುಡುಗನದ್ದೇನೂ ತಪ್ಪಿಲ್ಲ, ಯಾರನ್ನೂ ಬಿಡಬೇಡ ಅಂತ ಅವನಿಗೆ ಹೇಳಿದ್ದರು. ನಮ್ಮನ್ನು ಬಿಡು ಅಂತ ಯಾರೂ ಹೇಳಿರಲಿಲ್ಲ, ಅಷ್ಟೇ.

ಇನ್ನೊಂದು ದಿನ ರಾತ್ರಿಯಿಡೀ ಟಾರ್ಪಾಲಿನಡಿ ಕೂತು ಫೈಬರ್ ಜೋಡಿಸಿದೆವು. ಬೆಳಗ್ಗೆ ಮಣ್ಣು ತೆಗೆಯಲು ಬಂದ ಜೆಸಿಬಿ ಹತ್ತೇ ನಿಮಿಷದಲ್ಲಿ ಅದನ್ನು ಕಡಿದು ಹಾಕಿತು. ನಾನು ಕೂಗಾಡಿದೆ. ಆ ಡ್ರೈವರ್ ತಣ್ಣಗೆ, ‘ಕೆಳಗೆ ವೈರ್ ಇದೆ ಅಂತ ನಂಗ್ಯಾರು ಹೇಳಿದ್ರು ಸಾರ್?’ ಅಂದ. ಸರಿಯಾಗೇ ಕೇಳಿದ! ಮರುದಿನದಿಂದ ಜೆಸಿಬಿ ಜತೆ ನಮ್ಮವನೊಬ್ಬ ನಡೆದ. ಡೀಸೆಲ್ ಜೀಪಿಗೆ ಪಾಸ್ ಬಂತು. ಯಾವ ಟವರ್‌ಗೆ ಮೊದಲು ಡೀಸೆಲ್ ಅಂತ ಒಂದು ಪಟ್ಟಿಯೂ ಆಯಿತು. ಒಂದೊಂದು ಟವರ್ ಹಿಂದೆ ಅದರ ಮೂಲಕವೇ ಸಿಗ್ನಲ್ ಪಡೆಯುವ ನಾಲ್ಕಾರು ಟವರ್ ನೇತಾಡುತ್ತಿರುತ್ತವೆ. ಮುಂದಿನದು ಸತ್ತರೆ ಹಿಂದಿನವಕ್ಕೆ ಎಷ್ಟು ಡೀಸೆಲ್ ಸುರಿದರೂ ದಂಡ. ಇದು ಕಂಪನಿಯವರಿಗೆ ಮಾತ್ರ ಗೊತ್ತಿರುತ್ತದೆ. ಆಸ್ಪತ್ರೆ ಎಲ್ಲಿದೆ, ಆಸರೆ ಕೇಂದ್ರ ಎಲ್ಲಿದೆ ಅನ್ನೋದು ತಹಶೀಲ್ದಾರರಿಗೆ ಗೊತ್ತು. ಇಬ್ಬರೂ ಒಂದೇ ಮೇಜಿಗೆ ಬರಬೇಕು.

ಹಾಗಾಗಿ ನೀವು ಕಕ್ಕಡ (ಜುಲೈ ಮಧ್ಯಕ್ಕೆ ಬರುವ ಜೋರು ಮಳೆಯ ತಿಂಗಳು) ಶುರುವಾಗೋ ಮೊದಲೇ ಪಂಚಾಯಿತಿ ಪಿಡಿಒಗೆ ಅರ್ಜಿ ಕೊಡಿ. ಟವರ್ ಎಲ್ಲಿದೆ, ಎಷ್ಟು ಮನೆ ಅದನ್ನೇ ನಂಬಿವೆ, ಜನರೇಟರ್ ಇದೆಯೋ ಇಲ್ಲವೋ ಬರೆಯಿರಿ. ತಹಶೀಲ್ದಾರರಿಗೂ ಒಂದು ಪ್ರತಿ. ಸ್ವೀಕೃತಿ ಮರೀಬೇಡಿ.

ಮಳೆಯ ದಿನ ಬೇರೆ ಕಂಪನಿಯ ಸಿಗ್ನಲ್ ಇದ್ದರೆ ಅದರಿಂದಲೂ ತುರ್ತು ನಂಬರ್ 112ಕ್ಕೆ ಕರೆ ಹೋಗುತ್ತದೆ. ಸರ್ಕಾರ ಆದೇಶಿಸಿದರೆ ಒಂದು ಕಂಪನಿಯ ಸಿಮ್ ಇನ್ನೊಂದರ ಟವರಿಗೂ ಹತ್ತುತ್ತದೆ. 2019ರ ಮೇ ತಿಂಗಳಲ್ಲಿ ಒಡಿಶಾಕ್ಕೆ ಫೋನಿ ಚಂಡಮಾರುತ ಬಂದಾಗ ಹಾಗೆ ಮಾಡಿದ್ದರು. ಕರೆ ಹತ್ತದಿದ್ದರೆ ಎಸ್ಸೆಮ್ಮೆಸ್ ಕಳಿಸಿ ನೋಡಿ, ಸಣ್ಣ ಸಿಗ್ನಲ್ಲಿಗೂ ನುಸುಳುತ್ತದೆ. ಏನೂ ಇಲ್ಲದಿದ್ದರೆ ಯಾರನ್ನಾದರೂ ಪೊಲೀಸ್ ಠಾಣೆಗೆ ಓಡಿಸಿ. ಅವರ ವೈರ್‌ಲೆಸ್‌ಗೆ ಮೊಬೈಲ್ ಟವರ್ ಬೇಕಿಲ್ಲ. ಅತ್ತೆಯವರ ಹತ್ತಿರ ಎಫ್‌ಎಂ ಬರುವ ಹಳೇ ಟ್ರಾನ್ಸಿಸ್ಟರ್ ಇದ್ದರೆ ಸೆಲ್ ಹಾಕಿಡಿ, ಮಡಿಕೇರಿ ಆಕಾಶವಾಣಿ ಕೇಳಬಹುದು.

ಪ್ರಶ್ನೆ: ಮಗ ಹೈಸ್ಕೂಲು. ಹ್ಯಾಮ್ ರೇಡಿಯೋ (ಹವ್ಯಾಸಕ್ಕೆ ವೈರ್‌ಲೆಸ್‌ನಲ್ಲಿ ಮಾತಾಡೋದು) ಹುಚ್ಚು. ಇದರಿಂದ ಪ್ರಯೋಜನ ಇದೆಯಾ?
— ಓದುಗರು, ವಿರಾಜಪೇಟೆ

ಉತ್ತರ: ಇದೆ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದಾಗ ಹ್ಯಾಮ್‌ಗಳು ಕಲ್ಪೆಟ್ಟದಲ್ಲಿ ಕೇಂದ್ರ ಮಾಡಿಕೊಂಡು ಸಂದೇಶ ದಾಟಿಸಿದರು. 12 ವರ್ಷ ತುಂಬಿದ್ದರೆ ಪರೀಕ್ಷೆಗೆ ಕೂರಬಹುದು. ಲೈಸೆನ್ಸ್ ಬರೋ ತನಕ ಕೇಳಿಸಿಕೊಳ್ಳಲಿ, ಮಾತಾಡೋದು ಬೇಡ.