ಅಜ್ಜಿಯ ಆಟೋಗ್ರಾಫ್ ಪುಸ್ತಕಕ್ಕೆ ಒದ್ದೆ ಬಟ್ಟೆ ಮುಟ್ಟಿಸಬೇಡಿ

ಎರಡನೇ ಮಹಾಯುದ್ಧದಲ್ಲಿ ಮಿಲಿಟರಿ ನರ್ಸ್ ಆಗಿದ್ದ ನಿಮ್ಮ ಅಜ್ಜಿಗೆ ಗುಣವಾದ ಸೈನಿಕರು ಬರೆದುಕೊಟ್ಟ ಆಟೋಗ್ರಾಫ್ ಪುಸ್ತಕ, ಹಿತ್ತಾಳೆ ಗುಂಡಿಗಳು, ಕಸೂತಿ ಬಟ್ಟೆ ಕಲಬುರಗಿಯ ಮನೆಯ ಟ್ರಂಕಿನಲ್ಲಿವೆ, ಒರೆಸಿ ಲ್ಯಾಮಿನೇಷನ್ ಮಾಡಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಎರಡೂ ಬೇಡ.

ಆ ಕಾಲದಲ್ಲಿ ಕಾಪಿಯಿಂಗ್ ಪೆನ್ಸಿಲ್ ಬಳಕೆ ಬಹಳ. ನೋಡಲು ಸಾದಾ ಪೆನ್ಸಿಲ್ ಬರಹದಂತೆಯೇ ಬೂದು. ಆದರೆ ಅದರ ಕಡ್ಡಿಯಲ್ಲಿ ನೀರಿಗೆ ಕರಗುವ ಬಣ್ಣ ಬೆರೆತಿರುತ್ತದೆ. ಒಂದು ಹನಿ ತಾಗಿದರೂ ನೇರಳೆಯಾಗಿ ಹರಡುತ್ತದೆ, ಮತ್ತೆ ಸರಿಯಾಗುವುದಿಲ್ಲ. ಧೂಳನ್ನು ಮೆತ್ತನೆಯ ಒಣ ಬ್ರಷ್‌ನಿಂದ ನಡುವಿನಿಂದ ಅಂಚಿಗೆ ತಳ್ಳಿ, ಸಾಕು. ಲ್ಯಾಮಿನೇಷನ್‌ನ ಬಿಸಿ ಅಂಟು ಕಾಗದಕ್ಕೆ ಕಚ್ಚಿಕೊಂಡರೆ ಬಿಡಿಸಲಾಗದು.

ಮೊದಲು ಫೋಟೊ ತೆಗೆಯಿರಿ. ಪುಸ್ತಕವನ್ನು ಪೂರ್ತಿ ಬಿಚ್ಚಿ ಒತ್ತಿದರೆ ಹೊಲಿಗೆ ಹರಿಯುತ್ತದೆ. ಅರ್ಧ ತೆರೆದು, ರಟ್ಟಿನ ಕೆಳಗೆ ಇನ್ನೊಂದು ಪುಸ್ತಕದ ಆಸರೆ ಕೊಡಿ. ಫ್ಲ್ಯಾಶ್ ಬೇಡ, ಕಿಟಕಿಯ ಬೆಳಕು ಪಕ್ಕದಿಂದ ಬೀಳಲಿ; ಮಾಸಿದ ಬರಹದ ಒತ್ತು ಆಗಲೇ ಕಾಣುತ್ತದೆ. ಖಾಲಿ ಪುಟಗಳನ್ನೂ ಬಿಡಬೇಡಿ. ಒಣಗಿದ ಹೂವೋ ಚೀಟಿಯೋ ಸಿಕ್ಕರೆ ಯಾವ ಪುಟಗಳ ನಡುವೆ ಇತ್ತೆಂದು ಬೇರೆ ಹಾಳೆಯಲ್ಲಿ ಬರೆದಿಡಿ.

ಗುಂಡಿಗಳನ್ನು ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ. ಹುಳಿ ಹಿತ್ತಾಳೆಯನ್ನು ತಿನ್ನುತ್ತದೆ, ಉಜ್ಜಿದಷ್ಟೂ ರೆಜಿಮೆಂಟಿನ ಗುರುತು ಸವೆಯುತ್ತದೆ. ಬಿದ್ರಿ ಸಾಮಾನಿಗೆ ಹಚ್ಚುವಂತೆ ಎಣ್ಣೆಯೂ ಬೇಡ. ಕಸೂತಿಯನ್ನು ಒಗೆಯಬೇಡಿ, ಕೆಂಪು ದಾರ ಬಣ್ಣ ಬಿಡಬಹುದು. ಮಡಚದೆ ಸುರುಳಿ ಸುತ್ತಿಡಿ.

ನಮ್ಮ ಕಡೆ ಪತ್ರಾಸ್ (ತಗಡಿನ ಸೂರು) ಕೆಳಗಿನ ಕೋಣೆ ಮೇ ತಿಂಗಳಲ್ಲಿ ಒಲೆಯಂತಾಗುತ್ತದೆ, ಮಳೆಗಾಲಕ್ಕೆ ಫರಸಿ ನೆಲ ತೇವವಾಗುತ್ತದೆ. ಒಳಕೋಣೆಯಲ್ಲಿ, ಗೋಡೆಯಿಂದ ದೂರ, ನಾಲ್ಕು ಇಂಚು ಎತ್ತರದ ಹಲಗೆಯ ಮೇಲೆ ಇಡಿ. ಸುತ್ತಿಡುವುದಕ್ಕೆ ಗಂಜಿ ಹಾಕದೆ ಒಗೆದ ಹಳೆ ಧೋತರ ಚೆನ್ನ. ಗಂಜಿಗೆ ಹುಳ ಬರುತ್ತವೆ. ತಿಂಗಳಿಗೊಮ್ಮೆ ತೆಗೆದು ಒರಲೆ ಹತ್ತಿದೆಯೇ ನೋಡಿ.

ಹೆಸರುಗಳ ಪಕ್ಕದ ಅಕ್ಷರಗಳನ್ನೂ ಓದಿ. 'ಸಿ.ಸಿ.ಎಸ್.' ಎಂದರೆ ಕ್ಯಾಶುವಾಲ್ಟಿ ಕ್ಲಿಯರಿಂಗ್ ಸ್ಟೇಷನ್ (ಯುದ್ಧರಂಗದ ಹಿಂದೆ ಗಾಯಾಳುಗಳಿಗೆ ಚಿಕಿತ್ಸೆ ಕೊಟ್ಟು ಮುಂದೆ ಕಳಿಸುತ್ತಿದ್ದ ಠಾಣೆ), 'ಐ.ಜಿ.ಎಚ್.' ಎಂದರೆ ಇಂಡಿಯನ್ ಜನರಲ್ ಹಾಸ್ಪಿಟಲ್. '19 ಹೈದರಾಬಾದ್ ರೆಜಿಮೆಂಟ್' ಎಂದಿದ್ದರೆ ನಿಜಾಮರ ಪಡೆ ಎಂದುಕೊಳ್ಳಬೇಡಿ. ಅದು ಬ್ರಿಟಿಷ್ ಇಂಡಿಯನ್ ಸೇನೆಯದು, 1945ರಲ್ಲಿ ಕುಮಾವೂನ್ ರೆಜಿಮೆಂಟ್ ಆಯಿತು. ಕುಮಾವೂನ್ ಎಂದರೆ ಈಗಿನ ಉತ್ತರಾಖಂಡದ ಗುಡ್ಡಗಾಡು; ಬರೆದವರು ಆ ಹಿಮಾಲಯದ ತಪ್ಪಲಿನವರೂ ಇರಬಹುದು, ಅವರ ಮನೆಯವರನ್ನು ಹುಡುಕುವುದಾದರೆ ಅಲ್ಲಿಂದ ಶುರುಮಾಡಿ.